ಮನೆಯೊಳಗಿನ ವಿಷ ಕಡಿಮೆ ಮಾಡುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಕೆಮಿಕಲ್ ಅಂದ ಕೂಡಲೇ ನಮಗೆ ನೆನಪಾಗುವುದು ಶಾಂಪೂ, ನಾನ್‌ಸ್ಟಿಕ್ ತವಾ, ಪ್ಲಾಸ್ಟಿಕ್ ಬಾಟಲಿ. ಮೊಬೈಲ್‌ಗೆ ಬರುವ ವಿಡಿಯೊಗಳೂ ಅದನ್ನೇ ಹೇಳುತ್ತವೆ. ಆದರೆ ಜಗಳೂರಿನಲ್ಲೋ ಮೊಳಕಾಲ್ಮೂರಿನಲ್ಲೋ ಕೊರೆದ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯುತ್ತಾ, ಟೈರಿನ ಚೂರು ಹಾಕಿ ಬಚ್ಚಲ ಒಲೆ ಹಚ್ಚುತ್ತಾ, ಮಲಗುವ ಕೋಣೆಯ ಮಂಚದ ಕೆಳಗೆ ಹೊಲದ ಔಷಧಿ ಇಟ್ಟುಕೊಂಡು, ಶಾಂಪೂ ಒಂದು ಬದಲಾಯಿಸಿದರೆ ಏನು ಬಂತು?

ಹಾಗಾಗಿ ಈ ಬರಹದಲ್ಲಿ ಕ್ರಮ ಮುಖ್ಯ. ಯಾವುದರಿಂದ ಶುರು ಮಾಡಬೇಕು ಅಂತ ಗೊತ್ತಾಗಲು ಮೂರು ಪ್ರಶ್ನೆ ಕೇಳಿಕೊಳ್ಳಿ. ದಿನಾ ಮೈಗೆ ಹೋಗುತ್ತಿದೆಯಾ? ಜಾಸ್ತಿ ಪ್ರಮಾಣದಲ್ಲಿ ಹೋಗುತ್ತಿದೆಯಾ? ಚಿಕ್ಕ ಮಕ್ಕಳಿಗೆ ಅಥವಾ ಬಸುರಿಗೆ ತಗಲುತ್ತಿದೆಯಾ? ಮೂರಕ್ಕೂ ಹೌದು ಅನ್ನುವುದನ್ನು ಮೊದಲು ಸರಿ ಮಾಡಿ. ವರ್ಷಕ್ಕೊಮ್ಮೆ ಮುಟ್ಟುವ ವಸ್ತುವಿನ ಬಗ್ಗೆ ಆಮೇಲೆ ಯೋಚಿಸೋಣ.

ಮೊದಲ ಹೆಜ್ಜೆ: ನೀರು

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಇದು ಯಾವ ಫ್ಯಾಕ್ಟರಿಯಿಂದಲೂ ಬಂದದ್ದಲ್ಲ. ನೆಲದೊಳಗಿನ ಗ್ರಾನೈಟ್ ಕಲ್ಲಿನಲ್ಲಿರುವ ಫ್ಲೋರೈಡ್ ವರ್ಷಗಟ್ಟಲೆ ನಿಂತ ನೀರಿಗೆ ಕರಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರು ಸಿಗದೇ ಇದ್ದಾಗ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಬರುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ, ಯಾಕೆಂದರೆ ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿರುತ್ತವೆ. ಅದಕ್ಕೇ ಎಂಟು ವರ್ಷದೊಳಗಿನ ಮಕ್ಕಳ ನೀರಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ದೊಡ್ಡವರಲ್ಲಿ ಪ್ರಮಾಣ ಹೆಚ್ಚಾದಾಗ ಕುತ್ತಿಗೆ, ಸೊಂಟ, ಮಂಡಿ ಬಿಗಿಯುತ್ತವೆ. ವಯಸ್ಸಾಯಿತು, ವಾಯು ಇರಬೇಕು ಅಂತ ಸುಮ್ಮನಾಗುವ ಮನೆಗಳೇ ಹೆಚ್ಚು.

ಹೀಗೆ ಮಾಡಿ. ನಿಮ್ಮ ಮನೆಗೆ ಬರುವ ನೀರು ಎಲ್ಲಿಯದು ಅಂತ ಮೊದಲು ತಿಳಿದುಕೊಳ್ಳಿ. ದಾವಣಗೆರೆ ನಗರಕ್ಕೆ ತುಂಗಭದ್ರೆಯ ನೀರು, ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಯ ನೀರು ಬರುತ್ತದೆ. ಚಿತ್ರದುರ್ಗ ನಗರಕ್ಕೆ ಸೂಳೆಕೆರೆ, ಅಂದರೆ ಶಾಂತಿಸಾಗರ, ಮತ್ತು ವಾಣಿವಿಲಾಸ ಸಾಗರದಿಂದ ಬರುತ್ತದೆ. ಹೊಳೆ, ಕೆರೆಯ ನೀರಿನಲ್ಲಿ ಫ್ಲೋರೈಡ್ ತಲೆನೋವು ಸಾಮಾನ್ಯವಾಗಿ ಕಡಿಮೆ. ಆದರೆ ಬೇಸಿಗೆಯಲ್ಲಿ ನಲ್ಲಿ ನೀರು ನಿಂತಾಗ ಬೋರ್ ನೀರು ಬೆರೆಸುತ್ತಾರೆ, ಇಲ್ಲವೇ ಟ್ಯಾಂಕರ್ ಬರುತ್ತದೆ. ಆ ನೀರು ಯಾವ ಬೋರಿನದು ಅಂತ ಕೇಳಲು ಸಂಕೋಚ ಬೇಡ.

ಬೋರ್ ನೀರಾದರೆ ಪರೀಕ್ಷೆ ಮಾಡಿಸಲೇಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಕಿಟ್‌ನಲ್ಲಿ ಜಾಸ್ತಿ ಕಂಡರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಖಚಿತ ಮಾಡಿಕೊಳ್ಳಿ. ಮಾದರಿಗೆ ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರ್ ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ಫ್ಲೋರೈಡ್ ಜೊತೆ ನೈಟ್ರೇಟ್ ಕೂಡ ಕೇಳಿ. ಅದರ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಯೂರಿಯಾ ಸುರಿದ ಹೊಲ, ತಿಪ್ಪೆ, ಕಕ್ಕಸು ಗುಂಡಿಯ ಪಕ್ಕದ ಬೋರಿನಲ್ಲಿ ಇದು ಏರುತ್ತದೆ. ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರು ಅಪಾಯ.

ಇಲ್ಲಿ ಮೋಸ ಹೋಗುವುದು ಸುಲಭ. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ನೀರಲ್ಲಿ ಅದ್ದಿ ಒಂದು ಅಂಕಿ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿದ ಒಟ್ಟು ಉಪ್ಪುಗಳ ಅಂದಾಜು ಅಷ್ಟೇ, ಫ್ಲೋರೈಡ್ ಎಷ್ಟಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಇನ್ನು ಕೆಲವರು ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟು ನೀರು ಕಂದಾಗುವುದನ್ನು ತೋರಿಸಿ ಹೆದರಿಸುತ್ತಾರೆ. ಆ ಕಂದು ಬಣ್ಣ ಬರುವುದು ಕಡ್ಡಿಯ ಕಬ್ಬಿಣ ಕರಗಿ. ಅದನ್ನು ನೋಡಿ ಸಾವಿರಾರು ರೂಪಾಯಿ ಕೊಡಬೇಡಿ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟಿಗೂ ಇದೇ ಮಾತು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಹಾಕಿದರೂ ಅಷ್ಟೇ. ಆರ್‌ಒ, ಅಂದರೆ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಮೆಷಿನ್, ಇವನ್ನು ತೆಗೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳುವವರು ಘಟಕದಿಂದ ಹೊರಬರುವ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಲು ಪಂಚಾಯಿತಿಯನ್ನು ಒತ್ತಾಯಿಸಿ. ಒಳಗಿನ ಪೊರೆ ಸವೆದಿದ್ದರೆ ಮೆಷಿನ್ ಓಡುತ್ತಲೇ ಇರುತ್ತದೆ, ಫ್ಲೋರೈಡೂ ಹಾಯುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ತಪ್ಪಿಹೋಗುವುದು ಇದು: ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಮುದ್ದೆಗೆ ಎಸರು, ಬೇಳೆ, ಅನ್ನ, ಸಾರು, ದಿನಕ್ಕೆ ನಾಲ್ಕು ಸಲದ ಚಹಾ, ಎಲ್ಲ ಸೇರಿದರೆ ಹೊಟ್ಟೆಗೆ ಹೋಗುವ ನೀರಿನಲ್ಲಿ ದೊಡ್ಡ ಪಾಲು ಅಡುಗೆಯದೇ. ದಯವಿಟ್ಟು ಅಡುಗೆಗೂ ಅದೇ ನೀರು ಬಳಸಿ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರು ಪರವಾಗಿಲ್ಲ. ಆರ್‌ಒದಿಂದ ಹೊರಹೋಗುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ, ಅದನ್ನು ದನಗಳಿಗೂ ಕುಡಿಸಬೇಡಿ. ಕಕ್ಕಸಿಗೆ, ಅಂಗಳ ತೊಳೆಯಲು ಸಾಕು.

ತಾರಸಿ ಮನೆ ಇದ್ದರೆ ಮಳೆ ನೀರು ಹಿಡಿಯುವುದು ನನ್ನ ಪ್ರಕಾರ ಇದಕ್ಕೆ ಇರುವ ಒಳ್ಳೆಯ ದಾರಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲದಷ್ಟು ಕಡಿಮೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ತೊಟ್ಟಿಗೆ ಮುಚ್ಚಳ ಇರಲಿ, ಕುಡಿಯುವ ಮುಂಚೆ ಕಾಯಿಸಿ. ಊಟದಲ್ಲಿ ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಇರಲಿ, ಸುಣ್ಣದಂಶ ಮತ್ತು ಸಿ ವಿಟಮಿನ್ ಸಾಕಷ್ಟಿದ್ದರೆ ಫ್ಲೋರೈಡ್ ಮಾಡುವ ಕೇಡು ಕಡಿಮೆ. ಚಿಕ್ಕ ಮಕ್ಕಳ ಬ್ರಷ್‌ಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ನುಂಗಲು ಬಿಡಬೇಡಿ.

ಎರಡನೇ ಹೆಜ್ಜೆ: ಹೊಗೆ

ಬಚ್ಚಲ ಒಲೆಗೆ ನಾವು ಏನೇನು ಹಾಕುತ್ತೇವೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಹಾಲಿನ ಕವರ್, ಹರಿದ ಚಪ್ಪಲಿ, ಸೈಕಲ್ ಟ್ಯೂಬ್, ಬಣ್ಣ ಬಳಿದ ಹಳೇ ಕಿಟಕಿ, ಪ್ಲೈವುಡ್. ಬೇಗ ಹತ್ತಿಕೊಳ್ಳುತ್ತದೆ, ನಿಜ. ಆದರೆ ಪ್ಲಾಸ್ಟಿಕ್ಕನ್ನು, ಅದರಲ್ಲೂ ಪಿವಿಸಿಯನ್ನು, ಹೀಗೆ ಕಡಿಮೆ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಅದು ದೇಹದ ಕೊಬ್ಬಿನಲ್ಲಿ ಕೂತರೆ ವರ್ಷಗಟ್ಟಲೆ ಹೋಗುವುದಿಲ್ಲ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಟೈರಿನ ಕಪ್ಪು ಹೊಗೆಯಲ್ಲಿ ಗಂಧಕ, ಬೆಂಜೀನ್, ಮಸಿ ಎಲ್ಲ ಇರುತ್ತವೆ. ಬೆಳಗ್ಗೆ ಐದೂವರೆಗೆ ಆ ಒಲೆಯ ಮುಂದೆ ಕೂತು ಊದುವವರು ಯಾರು? ಮನೆಯ ಹೆಂಗಸರು. ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳುವವರು ಮಕ್ಕಳು.

ನಮ್ಮಲ್ಲಿ ಉರುವಲಿಗೆ ಬರ ಇಲ್ಲ. ಮೆಕ್ಕೆಜೋಳದ ದಿಂಡು, ಕಡಲೆಕಾಯಿ ಸಿಪ್ಪೆ, ತೆಂಗಿನ ಚಿಪ್ಪು, ಒಣಗಿದ ಅಡಿಕೆ ಹಾಳೆ ಇವೆ. ಬೆಂಕಿ ಹಚ್ಚಲು ಒಂದು ತುಂಡು ಅಡಿಕೆ ಹಾಳೆ ಅಥವಾ ತೆಂಗಿನ ನಾರು ಸಾಕು, ಕವರ್ ಬೇಡವೇ ಬೇಡ. ಒಲೆಗೆ ಚಿಮಣಿ ಇದ್ದರೆ ಮಳೆಗಾಲ ಮುಗಿದ ಮೇಲೆ ಮಸಿ ತೆಗೆಸಿ. ಇನ್ನೊಂದು ಮಾತು, ಪ್ಲಾಸ್ಟಿಕ್ ಅಥವಾ ಬಣ್ಣದ ಕಟ್ಟಿಗೆ ಸುಟ್ಟ ಬೂದಿಯಿಂದ ಪಾತ್ರೆ ತಿಕ್ಕಬೇಡಿ, ಸೊಪ್ಪಿನ ಮಡಿಗೂ ಹಾಕಬೇಡಿ. ಸೀಸದಂಥ ಲೋಹಗಳು ಸುಟ್ಟು ಹೋಗುವುದಿಲ್ಲ, ಬೂದಿಯಲ್ಲೇ ಉಳಿಯುತ್ತವೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಮ್ಮ ದಾವಣಗೆರೆ. ಗಾಳಿಯ ಗುಣಮಟ್ಟ ಮಿತಿಯೊಳಗೆ ಇಲ್ಲದ್ದರಿಂದಲೇ ಪಟ್ಟಿಗೆ ಸೇರಿದ್ದು. ರಸ್ತೆ ಧೂಳು, ವಾಹನ, ಕಸ ಸುಡುವುದು, ಮಂಡಕ್ಕಿ ಭಟ್ಟಿಗಳ ಹೊಗೆ ಎಲ್ಲದಕ್ಕೂ ಪಾಲಿದೆ. ಮಂಡಕ್ಕಿ ನಮ್ಮ ಊರಿನ ಅನ್ನ, ಆ ಕೆಲಸ ಮಾಡುವವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವರು ಭಟ್ಟಿಯ ಮುಂದೆ ನಿಂತು ಹುರಿಯುವವರೇ. ಭಟ್ಟಿಗೆ ಭತ್ತದ ಹೊಟ್ಟು ಹಾಕಲಿ, ಟೈರ್ ಬೇಡ ಅಂತ ಕೇಳುವುದು ಅವರ ಪರವಾಗಿಯೂ ಹೌದು. ಓಣಿಯಲ್ಲಿ ಕಸಕ್ಕೆ ಬೆಂಕಿ ಇಟ್ಟರೆ ಪಾಲಿಕೆಗೆ ದೂರು ಕೊಡಿ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಸೊಳ್ಳೆ ಬತ್ತಿಯ ವಿಷಯಕ್ಕೆ ಬರೋಣ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅಳೆದು ಹೇಳಿತ್ತು. ಕಿಟಕಿ ಮುಚ್ಚಿ, ಕೂಸಿನ ತೊಟ್ಟಿಲ ಪಕ್ಕ ಅದನ್ನು ಹಚ್ಚಿಡುತ್ತೇವಲ್ವಾ? ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ, ಡ್ರಮ್‌ಗೆ ಮುಚ್ಚಳ. ಇಷ್ಟಕ್ಕೆ ಒಮ್ಮೆ ಖರ್ಚು ಮಾಡಿದರೆ ವರ್ಷಗಟ್ಟಲೆ ಬತ್ತಿಯ ದುಡ್ಡು ಉಳಿಯುತ್ತದೆ.

ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಮನೆ ಇರುವವರು ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಡಿಸಿದರೆ ಧೂಳು ಮತ್ತೆ ಗಾಳಿಗೆ ಏಳುತ್ತದೆ. ಹಳೇ ಸಿಮೆಂಟ್ ಶೀಟಿನ ಛಾವಣಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಸುಮ್ನೆ ಇದ್ದಾಗ ದೊಡ್ಡ ತೊಂದರೆಯಿಲ್ಲ. ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕ್ಕೆ ಹೋಗುತ್ತವೆ, ಹತ್ತಾರು ವರ್ಷ ಬಿಟ್ಟು ರೋಗ ತರುತ್ತವೆ. ತೆಗೆಸುವುದಾದರೆ ನೀರು ಹಾಕಿ ತೋಯಿಸಿ, ಒಡೆಯದೆ ಇಡಿಯಾಗಿ ಇಳಿಸಿ.

ಮೂರನೇ ಹೆಜ್ಜೆ: ಹೊಲದ ಔಷಧಿ ಮನೆಯಿಂದ ಹೊರಗೆ

ಈರುಳ್ಳಿ, ದಾಳಿಂಬೆ, ಹತ್ತಿ, ಮೆಕ್ಕೆಜೋಳ, ಭತ್ತ, ಅಡಿಕೆ, ಯಾವುದಕ್ಕೂ ಔಷಧಿ ಹೊಡೆಯದೆ ನಡೆಯುವುದಿಲ್ಲ ಅನ್ನುವ ಸ್ಥಿತಿಗೆ ಬಂದಿದ್ದೇವೆ. ಅದನ್ನು ಒಂದೇ ದಿನ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಔಷಧಿ ಮನೆಯೊಳಗೆ ಇರಬಾರದು, ಮಲಗುವ ಕೋಣೆಯಲ್ಲಂತೂ ಖಂಡಿತ ಬೇಡ. ಹೊಲದಲ್ಲೋ ಕೊಟ್ಟಿಗೆಯಲ್ಲೋ ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಕೀಲಿ ಒಬ್ಬರ ಹತ್ತಿರ ಇರಲಿ. ಅಡಿಕೆ ತೋಟದ ಮೈಲುತುತ್ತವೂ ಅದರೊಳಗೇ. ಉಳಿದ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದಿಡುವುದು ತುಂಬಾ ಕೆಟ್ಟ ಅಭ್ಯಾಸ. ಖಾಲಿ ಡಬ್ಬವನ್ನು ಎಷ್ಟು ತೊಳೆದರೂ ಎಣ್ಣೆಗೆ, ನೀರಿಗೆ, ಹಾಲಿಗೆ ಬಳಸಬೇಡಿ. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆ ಟ್ಯಾಂಕಿಗೇ ಹಾಕಿ, ಡಬ್ಬಕ್ಕೆ ತೂತು ಮಾಡಿ.

ಡಬ್ಬದ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಒಂದೇ ಹುಳಕ್ಕೆ ಎರಡು ಔಷಧಿ ಸಿಗುವಾಗ ಕೆಂಪು ಬಿಟ್ಟು ನೀಲಿ ಅಥವಾ ಹಸಿರು ಕೇಳಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತಲೂ ಲೇಬಲ್‌ನಲ್ಲಿ ಬರೆದಿರುತ್ತದೆ, ಸಂತೆಯ ದಿನ ನೋಡಿಕೊಂಡು ಅದನ್ನು ಮೀರಬೇಡಿ. ತರಕಾರಿಗೆ ಮೊನೊಕ್ರೊಟೊಫಾಸ್ ಹೊಡೆಯುವುದನ್ನು 2005ರಲ್ಲೇ ನಿಷೇಧಿಸಿದ್ದಾರೆ.

ಹೊಡೆಯುವಾಗ ತುಂಬು ತೋಳಿನ ಅಂಗಿ, ಪ್ಯಾಂಟು, ರಬ್ಬರ್ ಗ್ಲೌಸ್, ಮುಖಕ್ಕೆ ಮಾಸ್ಕ್. ಗಾಳಿಗೆ ಎದುರಾಗಿ ಹೊಡೆಯಬೇಡಿ, ಬಿಸಿಲು ಏರುವ ಮುಂಚೆ ಮುಗಿಸಿ. ನಡುವೆ ಬೀಡಿ, ಎಲೆ ಅಡಿಕೆ ಬೇಡ, ಕೈಯಿಂದ ವಿಷ ನೇರ ಬಾಯಿಗೆ ಹೋಗುತ್ತದೆ. ಮನೆಗೆ ಬಂದವರು ಮೊದಲು ಸೋಪು ಹಚ್ಚಿ ಸ್ನಾನ ಮಾಡಲಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ನೆನೆಹಾಕಬಾರದು. ತೊಳೆಯುವವರಿಗೂ ಗ್ಲೌಸ್ ಬೇಕು, ಈ ಮಾತು ಯಾಕೋ ಯಾರೂ ಹೇಳುವುದಿಲ್ಲ.

ಜೋಳದ ಚೀಲಕ್ಕೆ ಹಾಕುವ ಗುಳಿಗೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಗಾಳಿಯ ತೇವಕ್ಕೆ ಅದರಿಂದ ಫಾಸ್ಫೀನ್ ಅನ್ನುವ ವಿಷಾನಿಲ ಹೊರಡುತ್ತದೆ. ಚೀಲ ಪೇರಿಸಿದ ಕೋಣೆಯಲ್ಲಿ, ಅಥವಾ ಅದರ ಪಕ್ಕದ ಕೋಣೆಯಲ್ಲಿ ಮಲಗಿದವರ ಜೀವಕ್ಕೇ ಅಪಾಯ. ಜನ ವಾಸಿಸುವ ಮನೆಯಲ್ಲಿ ಅದನ್ನು ಬಳಸಲೇಬೇಡಿ. ಕಾಳು ಹಲ್ಲಿಗೆ ಕಟ್ ಅನ್ನುವವರೆಗೆ ಒಣಗಿಸಿ, ಬೇವಿನ ಸೊಪ್ಪು ಹಾಕಿ, ಗಾಳಿಯಾಡದ ಚೀಲದಲ್ಲಿ ಬಿಗಿದು ಕಟ್ಟಿದರೆ ಮನೆಬಳಕೆಯ ಕಾಳು ಚೆನ್ನಾಗಿಯೇ ಉಳಿಯುತ್ತದೆ.

ಕೊಂಡು ತಿನ್ನುವವರು ತರಕಾರಿಯನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಕೋಸಿನ ಹೊರಗಿನ ಎಲೆ ತೆಗೆಯಿರಿ. ಕಾಲು ಗಂಟೆ ಅಡುಗೆ ಸೋಡಾ ನೀರಿನಲ್ಲಿ ನೆನೆಸಿದರೆ ಮೇಲೆ ಅಂಟಿದ್ದು ಇನ್ನಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಸೋಪು, ಡಿಟರ್ಜೆಂಟ್ ಬೇಡ.

ನಾಲ್ಕನೇ ಹೆಜ್ಜೆ: ಸೀಸ ಹುಡುಕಿ ತೆಗೆಯಿರಿ

ಸೀಸಕ್ಕೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಅದು ಕುಗ್ಗಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪೆಟ್ರೋಲಿನಿಂದ ಸೀಸ 2000ದ ಹೊತ್ತಿಗೆ ಹೋಯಿತು. ಮನೆ ಪೇಂಟಿನಲ್ಲಿ 2017ರ ನವೆಂಬರ್‌ನಿಂದ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಸೀಸ, ಅನ್ನುವ ಮಿತಿ ಬಂತು. ಅದಕ್ಕಿಂತ ಹಳೆಯ ಆಯಿಲ್ ಪೇಂಟ್ ಬಾಗಿಲು, ಕಿಟಕಿಯಲ್ಲಿ ಉದುರುತ್ತಿದ್ದರೆ ಒಣಗಿದ್ದಾಗ ಉಜ್ಜಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಮಕ್ಕಳು, ಬಸುರಿಯರು ಆ ದಿನ ಬೇರೆ ಕಡೆ ಇರಲಿ.

ಬ್ಯಾಟರಿ ಅಂಗಡಿ, ಗ್ಯಾರೇಜ್, ಗುಜರಿಯಲ್ಲಿ ಕೆಲಸ ಮಾಡುವವರು ಚಪ್ಪಲಿ, ಬಟ್ಟೆ ಹೊರಗೇ ಬದಲಾಯಿಸಿ. ಆ ಧೂಳು ಮನೆಯ ನೆಲಕ್ಕೆ ಬಿದ್ದರೆ ಅಂಬೆಗಾಲಿಡುವ ಕೂಸಿನ ಬಾಯಿಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಅರಿಸಿನ ನೋಡಿ. ಕಣ್ಣು ಕುಕ್ಕುವ ಹಳದಿಗಾಗಿ ಲೆಡ್ ಕ್ರೋಮೇಟ್ ಅನ್ನುವ ಸೀಸದ ಬಣ್ಣ ಬೆರೆಸಿದ ಪ್ರಕರಣಗಳು ಸಿಕ್ಕಿವೆ, ಕೊಂಬಿನ ಮೇಲೂ ಅದನ್ನು ಲೇಪಿಸುತ್ತಾರೆ. ಮಂಕಾಗಿರುವ ಕೊಂಬು ತಂದು ತೊಳೆದು ಒಣಗಿಸಿ ಮಿಲ್ಲಿನಲ್ಲಿ ಬೀಸಿಸಿ. ಕುಂಕುಮಕ್ಕೂ ಅರಿಸಿನ, ಸುಣ್ಣದಲ್ಲಿ ಮಾಡಿದ್ದನ್ನೇ ಹುಡುಕಿ. ಕೂಸಿನ ಕಣ್ಣಿಗೆ ಅಂಗಡಿಯ ಕಾಡಿಗೆ, ಸುರ್ಮಾ ಬೇಡ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರ ಬಳಸಲು ಹೇಳಿ, ಅಗ್ಗಕ್ಕಾಗಿ ಸೀಸ ಬೆರೆಸುವುದುಂಟು. ಗುಜರಿ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಸಾರು ಇಡಬೇಡಿ, ಸ್ಟೀಲು, ಮಣ್ಣಿನ ಪಾತ್ರೆ ಒಳ್ಳೆಯದು.

ಅನುಮಾನ ಇದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. 100 ಮಿಲಿ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಬ್ಬಿಣದಂಶ ಕಡಿಮೆ ಇರುವ ಮಕ್ಕಳು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತಾರೆ, ಹಾಗಾಗಿ ರಕ್ತಹೀನತೆಗೆ ಚಿಕಿತ್ಸೆ ಮೊದಲು.

ಐದನೇ ಹೆಜ್ಜೆ: ತಿನ್ನುವುದು, ಕಟ್ಟಿಸಿಕೊಳ್ಳುವುದು

ಮಿರ್ಚಿ ಮಂಡಕ್ಕಿ ಬಿಡಿ ಅಂತ ದಾವಣಗೆರೆಯವರಿಗೆ ಹೇಳಲು ಆಗುವುದಿಲ್ಲ, ಹೇಳುವುದೂ ಬೇಡ. ಪೇಪರಿನಲ್ಲಿ ಕಟ್ಟಿಸಬೇಡಿ, ಅಷ್ಟೇ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಕರಗಿ ಮಿರ್ಚಿಗೆ ಅಂಟುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೂ ಬೇಡ ಅಂತ ಹೇಳಿದೆ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಕುದಿಯುವ ಸಾಂಬಾರ್, ಚಹಾ ತೆಳು ಪ್ಲಾಸ್ಟಿಕ್ ಕವರಿಗೆ ಬೇಡ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇದೆ. ಅದರಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಐಐಟಿ ಖರಗ್‌ಪುರದವರು ಕಂಡುಕೊಂಡಿದ್ದಾರೆ. ಗಾಜಿನ ಲೋಟದಲ್ಲಿ ಕೊಡಿ ಅಂತ ಕೇಳಿದರೆ ಹೋಟೆಲಿನವರು ಕೊಡುತ್ತಾರೆ.

ಬಾಂಬೆ ಮಿಠಾಯಿಗೆ ಹಾಕುವ ರೋಡಮಿನ್-ಬಿ ಬಣ್ಣವನ್ನು, ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣಗಳನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಜಾತ್ರೆಯಲ್ಲಿ ಮಕ್ಕಳು ಗುಲಾಬಿ ಮಿಠಾಯಿ ಕೇಳಿದರೆ ಬಿಳಿಯದನ್ನು ಕೊಡಿಸಿ.

ವಿಷ ಫ್ಯಾಕ್ಟರಿಯಲ್ಲೇ ಹುಟ್ಟಬೇಕಿಲ್ಲ. ಒದ್ದೆಯಾದ ಕಡಲೆಕಾಯಿ, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಬರುತ್ತದೆ, ಲಿವರ್ ಕ್ಯಾನ್ಸರ್ ತರುವ ವಸ್ತು ಅದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುರುಟಿದ, ಬಣ್ಣ ಕೆಟ್ಟ, ಕಹಿ ಬೀಜ ಎಸೆಯಿರಿ. ಬೂಷ್ಟು ಹಿಡಿದ ಜೋಳ ಹೇಗೂ ದನಕ್ಕೆ ಆಗುತ್ತದೆ ಅನ್ನುತ್ತೇವೆ. ಆ ವಿಷ ಹಾಲಿನಲ್ಲಿ ಇಳಿದು ಮಕ್ಕಳ ಲೋಟಕ್ಕೇ ವಾಪಸ್ ಬರುತ್ತದೆ.

ಆರನೇ ಹೆಜ್ಜೆ: ಮೈಗೆ ಹಚ್ಚುವುದು, ಮನೆ ತೊಳೆಯುವುದು

ವಾರದಲ್ಲಿ ಬೆಳ್ಳಗಾಗುವ ಕ್ರೀಮ್ ಅಂದರೆ ಪಾದರಸ ಇರಬಹುದು ಅಂತಲೇ ತಿಳಿಯಿರಿ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು ವೈದ್ಯರ ಗಮನಕ್ಕೆ ಬಂತು. ತಯಾರಕರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಡಬ್ಬಿ ಕೊಳ್ಳಬೇಡಿ. ಮದುವೆ ಸೀಸನ್‌ನಲ್ಲಿ ಹುಡುಗಿಯರ ಮೇಲೆ ಬಣ್ಣದ ಒತ್ತಡ ಹಾಕುವುದನ್ನು ಮನೆಯವರೂ ನಿಲ್ಲಿಸಬೇಕು.

ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಒಂದು ಹಾಕಿ ತೊಳೆದು, ಬೇರೆ ದಿನ ಇನ್ನೊಂದು. ಕೂಸಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಬೇಡಿ, ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳ ರಕ್ತಕಣ ಒಡೆಯುತ್ತವೆ. ಟ್ಯೂಬ್‌ಲೈಟ್ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ, ಆಮೇಲೆ ರಟ್ಟಿನಲ್ಲಿ ಎತ್ತಿ ಒದ್ದೆ ಕಾಗದದಲ್ಲಿ ಒರೆಸಿ. ಪೊರಕೆ ಬೇಡ.

ವಿಷ ತಗುಲಿದಾಗ

108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲೂ ರಾತ್ರಿ ಇರುತ್ತದೆ. ಎರಡನ್ನೂ ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡಿ.

ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಎಣ್ಣೆ, ಹುಣಸೆ ನೀರು ಏನೂ ಕುಡಿಸಬೇಡಿ. ಸೀಮೆಎಣ್ಣೆ, ಆಸಿಡ್ ಆದರಂತೂ ವಾಂತಿಯಿಂದ ಗಂಟಲು, ಶ್ವಾಸಕೋಶ ಇನ್ನೂ ಹಾಳಾಗುತ್ತವೆ. ಪ್ರಜ್ಞೆ ಇಲ್ಲದಿದ್ದರೆ ಎಡಕ್ಕೆ ವಾಲಿಸಿ ಮಲಗಿಸಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆ ನೀರು ಹರಿಸಿ. ಔಷಧಿ ಹೊಡೆದು ಬಂದವರಿಗೆ ಜೊಲ್ಲು, ಬೆವರು ಸುರಿದು, ಕಣ್ಣಿನ ಪಾಪೆ ಸಣ್ಣಗಾಗಿ, ಉಸಿರು ಕಟ್ಟಿದರೆ ಬಿಸಿಲಿಗೆ ಆಗಿರಬೇಕು ಅಂತ ಕಾಯಬೇಡಿ.

ಡಬ್ಬ ಅಥವಾ ಲೇಬಲ್ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಬಿಳಿ ಡಬ್ಬದ ಔಷಧಿ ಅಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಲೇಬಲ್‌ನಲ್ಲಿರುವ ರಾಸಾಯನಿಕದ ಹೆಸರಿನ ಮೇಲೆ ಚಿಕಿತ್ಸೆ ನಿಂತಿದೆ. ವರ್ಷವಿಡೀ ಔಷಧಿ ಹೊಡೆಯುವ ಕೂಲಿ ಮಾಡುವವರು ಔಷಧಿ ಮೈಗೆ ಎಷ್ಟು ತಗುಲಿದೆ ಅಂತ ತಿಳಿಸುವ ಕೊಲಿನೆಸ್ಟರೇಸ್ ಅನ್ನುವ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಹಂಗಾಮು ಶುರುವಾಗುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಮಾಡಿಸಿ. ಅಂಕಿ ಕುಸಿದಿದ್ದರೆ ಅದು ಏರುವವರೆಗೆ ಪಂಪು ಹೊರುವ ಕೆಲಸ ನಿಲ್ಲಿಸಬೇಕು, ಆ ದಿನಗಳಿಗೆ ತೋಟದ ಮಾಲೀಕರು ಬೇರೆ ಕೆಲಸ ಕೊಡಬೇಕು.